ಹಲ್ಲು ನೋಡುವುದು

ಚಳ್ಳಕೆರೆ ಗೇಟಿನಲ್ಲಿ ದಸ್ತಗೀರ್ ಸಾಬರ ಅಂಗಡಿ ಮುಂದೆ
ಕುಕ್ಕರುಗಾಲಲ್ಲಿ ಕೂತು
ಟೈರಿನ ಪಕ್ಕೆಯ ಮೇಲೆ ಬೆರಳಾಡಿಸುತ್ತಿದ್ದೇನೆ.
ಬಿಸಿಲಿಗೆ ರಬ್ಬರಿನ ವಾಸನೆ.
ಗೋಡೆಗೆ ಒರಗಿದ ಹೊಸ ಟೈರುಗಳು
ಹಗ್ಗವಿಲ್ಲದೆ ನಿಂತ ರಾಸುಗಳ ಹಾಗೆ.

ಅಪ್ಪ ಎತ್ತಿನ ದಲ್ಲಾಳಿ.
ಸಂತೆಯಲ್ಲಿ ಟವೆಲ್ಲಿನ ಮರೆಗೆ ಕೈ ಹಿಡಿದು
ಬೆರಳೊತ್ತಿ ಬೆಲೆ ಹೇಳುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ.
ಬಾಯಿ ಬಿಡಬೇಕಾದ್ದು ಎತ್ತು ಮಾತ್ರ.
ತುಟಿ ಸರಿಸಿ ಎಣಿಸುವನು:
ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು.
ಕೊಂಬಿಗೆ ಬಣ್ಣ ಬಳಿದು ತಂದವನಿಗೆ
‘ಮೊದಲು ಗೊರಸು ತೊಳಿಯಪ್ಪ’ ಅನ್ನುವನು.

ನನ್ನದು ಜೀಪು.
ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ
ಊರವರು ಫ್ಯಾನು ಅನ್ನುತ್ತಾರೆ,
ಆ ಫ್ಯಾನು ರಿಪೇರಿಯ ಹುಡುಗರನ್ನು ಆರಕ್ಕೆ ಹತ್ತಿಸಿ
ಹೊತ್ತು ಮುಳುಗಿದ ಮೇಲೆ ಇಳಿಸುವುದು.
ರಸ್ತೆ ಇರುವುದು ಕಂಪನಿಯ ಕಾಗದದಲ್ಲಿ.
ಗುಡ್ಡದಲ್ಲಿರುವುದು ಬೆಣಚುಕಲ್ಲಿನ ಚೂರು,
ಮಳೆ ಸೀಳಿಹೋದ ಕೊರಕಲು,
ಒಣಗಿದರೂ ಸೇಡು ಮರೆಯದ ಜಾಲಿಮುಳ್ಳು.

ಹೋದ ಕಾರ್ತೀಕದಲ್ಲಿ, ಹದಿನೇಳನೇ ಕಂಬದ ತಿರುವಿನಲ್ಲಿ
ಹಿಂದಿನ ಎಡಗಡೆ ಟೈರು ಪಕ್ಕೆ ಹರಿದುಕೊಂಡಿತು.
ಮೇಲಿನ ಹಲ್ಲು ನೆಟ್ಟಗೇ ಇತ್ತು,
ರೂಪಾಯಿ ಬಿಲ್ಲೆ ಕಾಲುಭಾಗ ಮುಳುಗುವಷ್ಟು.
ಸೀಟಿನಲ್ಲಿ ಪಾಲಯ್ಯ, ಏಣಿಯಿಂದ ಜಾರಿ
ಮೊಣಕೈ ಮುರಿದುಕೊಂಡವನು, ಇಳಿದು ಬಂದು
ಉಳಿದ ಕೈಯಲ್ಲಿ ಟಾರ್ಚು ಹಿಡಿದ.
ನಾನು ಜಾಕು ಏರಿಸುವ ತನಕ ಒಂದು ಮಾತಿಲ್ಲ.
ಬೆಳಕು ನಡುಗುತ್ತಿತ್ತು.
ಗಾಳಿ ಜೋರು, ಅಂದೆ ನಾನು.
ಆ ಟೈರು ಆರಿಸಿದವಳು ನಾನೇ.
ರೇಟು ಕಡಿಮೆ ಇತ್ತು, ಹೊಳೆಯುತ್ತಿತ್ತು.

ಸಾಬರು ಮೊದಲು ಉರುಳಿಸಿಕೊಂಡು ಬಂದದ್ದು
ಗಡ್ಡೆ ಗಡ್ಡೆ ಹಲ್ಲಿನದು, ಫೋಟೋಗೆ ನಿಂತ ಹೋರಿಯಂಥದು.
‘ಕೆಸರಿಗೆ ಇದೇ ರಾಜ.’
ದುರ್ಗದಲ್ಲಿ ಕೆಸರು ವರ್ಷಕ್ಕೆ ಹನ್ನೆರಡು ದಿನ ಸಾಬರೇ,
ಮಿಕ್ಕಿದ್ದೆಲ್ಲ ಕಲ್ಲು.
ನಕ್ಕು, ಇನ್ನೊಂದು ಜಾತಿಯದನ್ನು ಮುಂದಿಟ್ಟರು.

ಇದರ ಹಲ್ಲು ಭುಜದಿಂದ ಪಕ್ಕೆಗೂ ಇಳಿದಿದೆ.
ಹೆಬ್ಬೆರಳೊತ್ತಿದೆ, ಬಳೆಗಾರ ಕೈ ಹಿಂಡಿ ಅಳತೆ ನೋಡುವ ಹಾಗೆ;
ಬಗ್ಗಲಿಲ್ಲ. ಎಷ್ಟು ಪದರ ಅಂತ ಕೇಳಿದೆ.
ಸಂದಿನಲ್ಲಿ ಸಿಕ್ಕ ಕಲ್ಲನ್ನು ಉಗುಳುವುದೋ
ನುಂಗಿ ಒಳಗೊಳಗೇ ಕೊರೆಸಿಕೊಳ್ಳುವುದೋ, ಅದನ್ನೂ ಕೇಳಿದೆ.
ಆಮೇಲೆ ಧೂಳೊರೆಸಿ ಆ ನಾಲ್ಕಂಕಿ ಹುಡುಕಿದೆ,
ಹುಟ್ಟಿದ ವಾರ, ಹುಟ್ಟಿದ ಇಸವಿ.
ವಯಸ್ಸು ಬಚ್ಚಿಡಲಾರದ ಪ್ರಾಣಿ ಇದು.
ಮೂರು ಈ ವರ್ಷದವು.
ನಾಲ್ಕನೆಯದು ಐದು ವರ್ಷ ಮೂಲೆ ಹಿಡಿದು ಕೂತದ್ದು.

ಸಾಬರು ಕನ್ನಡಕ ಏರಿಸಿದರು.
‘ಯಾರ ಮಗಳವ್ವ ನೀನು?’
ದಲ್ಲಾಳಿ ಕಾಟಯ್ಯನ ಮಗಳು, ಅಂದೆ.
ಗೊತ್ತಿಲ್ಲ ಅಂತ ತಲೆಯಾಡಿಸಿದರು.
ಒಳಗೆ ಹೋಗಿ ಬೇರೊಂದು ತಂದರು.
‘ತೂಕ ಜಾಸ್ತಿ, ಡೀಸೆಲ್ ಕುಡಿತೈತೆ,
ಟಾರಿನ ಮ್ಯಾಲೆ ಕೂಗ್ತೈತೆ. ಆಮ್ಯಾಲೆ ಬೈಬ್ಯಾಡ.’
ಬೆಲೆಗೆಂದು ಕೈ ಚಾಚಿದೆ, ಹಳೇ ಚಾಳಿ.
ಕೈಗೆ ಕ್ಯಾಲ್ಕುಲೇಟರ್ ಇಟ್ಟರು.

ಮಾರನೇ ಬೆಳಗ್ಗೆ ಹೆದ್ದಾರಿಯುದ್ದ ಗುಂಯ್ ಗುಂಯ್.
‘ಏನಕ್ಕ, ಚಕ್ರದಾಗೆ ಜೇನು ಕಟ್ಟೈತಾ?’ ಅಂದ ಪಾಲಯ್ಯ.
ಗುಡ್ಡದ ಬುಡದಲ್ಲಿ ಇಳಿದು
ನಾಲ್ಕಕ್ಕೂ ಒಂದಿಷ್ಟು ಗಾಳಿ ಬಿಟ್ಟೆ.
ಕಲ್ಲು ಶುರುವಾಯಿತು, ಜೇನು ಸುಮ್ಮನಾಯಿತು.
ಹದಿನೇಳನೇ ಕಂಬದ ತಿರುವಿನಲ್ಲಿ
ಪಾಲಯ್ಯ ಮೊಣಕೈ ಹಿಡಿದುಕೊಂಡ, ನೋವೇನಿಲ್ಲ.
ನಾನು ಮೊದಲ ಗೇರಿಗೆ ಇಳಿಸಿದೆ.
ಕೆಳಗೆ ಒಂದೊಂದೇ ಕಲ್ಲು ರಬ್ಬರನ್ನು ಒತ್ತುವುದು
ಸೀಟಿನ ತನಕ ತಿಳಿಯುತ್ತಿತ್ತು,
ಒಂದು, ಎರಡು, ತಡೆದು ಮತ್ತೊಂದು,
ಟವೆಲ್ಲಿನ ಮರೆಯಲ್ಲಿ ಯಾರೋ
ಬೆಲೆ ಹೇಳುತ್ತಿರುವ ಹಾಗೆ.