ಒಂದು ಸುತ್ತು ಹೆಚ್ಚು

ಮೊದಲು ನಮಗೆ ಚೆಂಡೆ ಕೊಡಲಿಲ್ಲ ಐತ್ತಪ್ಪಣ್ಣ.
ಹುಣಸೆಯ ಕೋಲು ಎರಡೆರಡು ಕೊಟ್ಟು
ಮನೆಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿರಿ ಅಂದರು,
ಆರು ತಿಂಗಳು.
ಕಲ್ಲು ಸುಳ್ಳು ಹೇಳುವುದಿಲ್ಲ,
ತೊಗಲಾದರೆ ನಿಮ್ಮನ್ನು ಹೊಗಳಿಬಿಡುತ್ತದೆ.

ಬೀಡಿ ಕಟ್ಟುವ ಹದಿನಾರು ಹೆಂಗಸರು ನಾವು,
ಬಂದ್ಯೋಡಿನಿಂದ ಮಂಗಲ್ಪಾಡಿಯವರೆಗೆ ಚದುರಿದವರು.
ಯಮುನಕ್ಕನಿಗೆ ಐವತ್ತೆರಡು, ನನಗೆ ಮೂವತ್ತೊಂಬತ್ತು,
ಗುಲಾಬಿಯ ಹೊಟ್ಟೆಯಲ್ಲಿ ಮೂರನೆಯದು.
ಲೆಕ್ಕ ಕಲಿಸಬೇಕಾಗಿರಲಿಲ್ಲ:
ಇಪ್ಪತ್ತೈದಕ್ಕೊಂದು ಕಟ್ಟು, ನೂಲು ಎರಡು ಸುತ್ತು,
ಬೆರಳಿಗೆ ಗೊತ್ತಿತ್ತು.
ಕಲಿಸಬೇಕಾದದ್ದು ಕೈ ಎತ್ತುವುದನ್ನು.
ತಲೆಗಿಂತ ಮೇಲೆ ನಾವು ಕೈ ಎತ್ತಿದ್ದು
ಬಸ್ಸಿನ ಕಂಬಿ ಹಿಡಿಯಲು ಮಾತ್ರ.

ಹೆಂಗಸರು ಚೆಂಡೆ ಹೊರುವುದುಂಟೋ
ಎಂದು ಪೇಟೆಯಲ್ಲೊಬ್ಬ ಕೇಳಿದ್ದಕ್ಕೆ
ನಿನ್ನ ಮನೆಗೆ ನೀರು ಹೊತ್ತದ್ದು ಯಾರು, ನೀನೋ? ಅಂದವರು.
ಹೆಗಲು ಕೆಂಪಾದಾಗ ಹಳೆ ಸೀರೆ ಮಡಚಿ
ಮೆತ್ತೆ ಹೊಲಿದು ಕಳಿಸಿದ್ದು ಅವರ ಹೆಂಡತಿ ಕಲ್ಯಾಣಿ.
ನನ್ನದರೊಳಗೆ ಅವಳ ಮದುವೆ ಸೀರೆಯ ತುಂಡುಂಟಂತೆ.
ಬಿಚ್ಚಿ ನೋಡಿಲ್ಲ.

ಎಡಗಿವಿ ಅವರದ್ದು ಪೂರಾ ಹೋಗಿತ್ತು,
ನಲವತ್ತು ವರ್ಷ ಚೆಂಡೆಯ ಪಕ್ಕ ನಿಂತ ಕಿವಿ.
ಅವರನ್ನು ಬೈಯಬೇಕಾದರೆ
ಎಡಬದಿಗೆ ಹೋಗಿ ಬೈಯುತ್ತಿದ್ದೆವು.
ಆದರೆ ಒಬ್ಬಳು, ಕೂದಲೆಳೆಯಷ್ಟು,
ಮುಂದೆ ಓಡಿದರೆ ಸಾಕು, ಬಲಗಿವಿ ತಿರುಗುತ್ತಿತ್ತು.
ಹೆಚ್ಚಾಗಿ ಅದು ನಾನು.
ಮೆಲ್ಲ, ಮಾರಾಯ್ತಿ, ಮೆಲ್ಲ,
ಕಡೆಯ ಬಸ್ಸಿಗೆ ಇನ್ನೂ ಹೊತ್ತುಂಟು.

ಸಿಟ್ಟು ಬಂದರೆ ತುಳು, ಎಣಿಕೆಗೆ ಮಲಯಾಳ,
ನಮ್ಮೊಡನೆ ಕನ್ನಡ.
ಕಾಲ ಬದಲಿಸುವ ಹೊತ್ತಿಗೆ ಮಾತೇ ಇಲ್ಲ,
ಕೋಲೂ ಎತ್ತುತ್ತಿರಲಿಲ್ಲ,
ಬರೀ ಹುಬ್ಬು.

ಗಡಿಗೆ ಮಣ್ಣು ಸುರಿದಿದ್ದ ವರ್ಷ ಅದು.
ಮಂಗಳೂರು ಮುಕ್ಕಾಲು ಗಂಟೆಯ ದಾರಿ.
ಆಂಬುಲೆನ್ಸು ತಲಪಾಡಿಯಲ್ಲಿ ನಿಂತಿತು,
ಅಲ್ಲಿಂದ ಹಿಂದೆ ತಿರುಗಿತು,
ಉಪ್ಪಳದ ಹತ್ತಿರ ಡ್ರೈವರ್ ಸೈರನ್ ನಿಲ್ಲಿಸಿದ.
ಇಷ್ಟೇ ನಾನು ಕೇಳಿದ್ದು. ಹೆಚ್ಚು ಕೇಳಲಿಲ್ಲ.

ಸುಡಲಿಕ್ಕೆ ಇಪ್ಪತ್ತು ಜನ, ಎಣಿಸಿ.
ಎಣಿಕೆಯ ಹೊರಗೆ ಹದಿನಾರು.
ಆ ಸಂಜೆ ಎಲ್ಲರೂ ಅವರವರ ಮನೆಯ ಕಲ್ಲಿಗೆ
ಒಂದೇ ಹೊತ್ತಿಗೆ ಬಡಿದೆವು
ಎಂದು ಯಮುನಕ್ಕ ಈಗ ಹೇಳುತ್ತಾಳೆ, ಮೈಕು ಸಿಕ್ಕಿದರೆ.
ಕೇಳಲು ಚಂದ ಉಂಟು.
ನಾನು ಬಡಿಯಲಿಲ್ಲ.
ಕೋಲು ಹುಡುಕಿದೆ,
ಮಗ ಅದನ್ನು ಬದನೆ ಗಿಡಕ್ಕೆ ಊರು ಕೊಟ್ಟಿದ್ದ,
ಕಾಯಿ ಬಿಟ್ಟಿತ್ತು, ಕೀಳಲಿಲ್ಲ.
ಒಂದು ನೈಟಿ ಒಗೆದೆ.
ಒಗೆದದ್ದನ್ನೇ ಮತ್ತೊಮ್ಮೆ ಒಗೆದೆ.

ಮರುವರ್ಷ ಮೊದಲ ಕರೆ ಬಂತು:
ನಯಾಬಜಾರಿನಲ್ಲಿ ಚಪ್ಪಲಿ ಅಂಗಡಿಯ ಉದ್ಘಾಟನೆ.
ನಿಲ್ಲುವ ಕ್ರಮ ಯಾರೂ ಬದಲಿಸಲಿಲ್ಲ,
ಎದುರಿನ ಜಾಗ ಹಾಗೆಯೇ ಬಿಟ್ಟೆವು,
ಅಲ್ಲಿ ಯಾರೋ ಸ್ಕೂಟರ್ ತಂದು ಇಟ್ಟರು.
ಎರಡನೇ ಕಾಲ ಮುಗಿಯಿತು.
ಹದಿನಾರು ಜನರ ಕಣ್ಣೂ ಸ್ಕೂಟರಿನ ಮೇಲೆ.
ಹೋಗೋಣ ಎಂದು ಯಾರೂ ಹೇಳಲಿಲ್ಲ,
ಅದೇ ಸುತ್ತನ್ನು ಮತ್ತೊಮ್ಮೆ ಬಾರಿಸಿದೆವು,
ನಾನೂ ಮುಂದೆ ಓಡದೆ.
ಆಮೇಲೆ ಗುಲಾಬಿ ಕೆಮ್ಮಿದಳು,
ಅದನ್ನೇ ಹಿಡಿದುಕೊಂಡು ಮೂರನೆಯದಕ್ಕೆ ಹತ್ತಿದೆವು.

ಅಂಗಡಿಯವನಿಗೆ ಗೊತ್ತಾಗಲಿಲ್ಲ.
ಒಪ್ಪಿದಷ್ಟು ಕೊಟ್ಟ,
ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ನೀರು.

ಈಗಲೂ ಎಲ್ಲಿ ಹೋದರೂ ಬಾರಿಸುತ್ತೇವೆ
ಲೆಕ್ಕಕ್ಕಿಲ್ಲದ ಆ ಸುತ್ತನ್ನು.
ಹೋದ ತಿಂಗಳು ಸೇರಿದ ಹುಡುಗಿ
ಮೇಳದ ಕ್ರಮವೇ ಹಾಗೆಂದು ತಿಳಿದಿದ್ದಾಳೆ.
ಕಲ್ಲಿಗೂ ಹಾಗೆಯೇ ಬಡಿಯುತ್ತಾಳೆ.