ಎರಡು ಬೆರಳು ಮೇಲೆ

ನೀರಿನ ತೊಟ್ಟಿ, ಅದರ ಮೇಲೊಂದು ರಬ್ಬರ್ ಹಾಳೆ,
ಹಾಳೆಯ ಮಡಿಲಲ್ಲಿ ನಾನು.
ಕುತ್ತಿಗೆತನಕ ನೀರು, ಮೈಗೆ ಒಂದು ಹನಿ ತಾಗಲ್ಲ.
"ಖೈರೂಬಿ, ಈಗ ನಿಮಗೆ ತೂಕವೇ ಇಲ್ಲ ಅಂದ್ಕೊಳ್ಳಿ"
ಅಂದರು ಶೈಲಶ್ರೀ ಡಾಕ್ಟರು.
ಅಂದ್ಕೊಳ್ಳೋದೇನು ಬಂತು,
ನಲವತ್ತೊಂದು ವರ್ಷ ಹೊತ್ತ ಮೈಯನ್ನ
ಯಾರೋ ಮೊದಲ ಸಲ ಕೈಯಿಂದ ಇಸ್ಕೊಂಡಂಗಿತ್ತು.

ದಾವಣಗೆರೆ ಭಟ್ಟಿಯಲ್ಲಿ ನನ್ನ ಕೆಲಸ ಇಷ್ಟೇ:
ಕಾದ ಮರಳಿಗೆ ಅಕ್ಕಿ ಸುರಿಯೋದು,
ಅದು ತೂಕ ಬಿಡೋ ಗಳಿಗೆ ನೋಡೋದು,
ಬಾಚೋದು.
ಒಂದು ಉಸಿರು ಮೊದಲಾದರೆ ಹಲ್ಲಿಗೆ ಕಲ್ಲು,
ಒಂದು ಉಸಿರು ತಡವಾದರೆ ಕರಿ.
ಕಣ್ಣು ಹೇಳೋದಕ್ಕೂ ಕೈ ಕೇಳೋದಕ್ಕೂ ನಡುವೆ
ಸಂದು ಇರಬಾರದು.
ಅದಕ್ಕೇ ನನ್ನ ಆರಿಸಿದರು ಅಂತ ಹಿಗ್ಗಿದ್ದೆ.
ಅಲ್ಲವಂತೆ. ಬಿಪಿ ಸರಿ ಇತ್ತು, ಹೆಂಗಸಾಗಿದ್ದೆ. ಅಷ್ಟೇ.

ಪರದೆ ಆಚೆ ಇನ್ನೊಂದು ತೊಟ್ಟಿ. ಅದರಲ್ಲಿ ಹಾಲೇಶ,
ಲಾರಿಗಳ ಹಿಂದೆ ಅಕ್ಷರ ಬರೆಯುವವನು.
ಮುಖ ಕಂಡಿಲ್ಲ, ಕೆಮ್ಮು ಗೊತ್ತು.
ಎರಡನೇ ರಾತ್ರಿ ಕೇಳಿದ,
"ಅಕ್ಕಾ, ನಿಮಗೆ ಕಾಲು ಅದಾವಾ?"
"ಇರಬೇಕಪ್ಪ, ಸುದ್ದಿ ಬಂದಿಲ್ಲ" ಅಂದೆ.
ಇಬ್ಬರೂ ನಕ್ಕೆವು. ನೀರೂ ಸ್ವಲ್ಪ ನಕ್ಕಿತು.

ದಿನಕ್ಕೆ ಮೂರು ಸಲ ಹಲಗೆ ತರುತ್ತಾರೆ.
ಹಸಿರು ಚುಕ್ಕಿ ಹುಟ್ಟುತ್ತದೆ; ಸಾಯೋದರೊಳಗೆ ಮುಟ್ಟಬೇಕು.
ಮೊದಲ ದಿನ ನೂರಕ್ಕೆ ತೊಂಬತ್ತಾರು.
ಮೂರನೇ ದಿನ
ಚುಕ್ಕಿ ಅಲ್ಲೇ ಇದೆ, ಕಣ್ಣು ಅಲ್ಲೇ ಇದೆ,
ಬೆರಳು ಮಾತ್ರ ಎರಡು ಬೆರಳು ಮೇಲೆ ಹೋಗಿ
ಯಾರದೋ ಬಾಗಿಲು ತಟ್ಟಿ ವಾಪಸ್ ಬರುತ್ತದೆ.
ಭಾರ ಎತ್ತಿ ಎತ್ತಿ ರೂಢಿಯಾದ ಕೈ,
ಇಲ್ಲದ ಭಾರವನ್ನೂ ಲೆಕ್ಕ ಹಿಡಿದು
ಎತ್ತುತ್ತಿತ್ತು.

ಡಾಕ್ಟರ ಕಾಗದದಲ್ಲಿ ಎರಡೇ ಸಾಲು: ಗಂ, ಹೆಂ.
ಹಾಲೇಶ ಬೇಗ ಮುಟ್ಟಿ ತಪ್ಪುತ್ತಿದ್ದ,
ನಾನು ತಡೆದು ತಡೆದು ತಪ್ಪುತ್ತಿದ್ದೆ.
"ಹಂಗಾದರೆ ಹೆಂಗಸರು ನಿಧಾನವಾ?" ಕೇಳಿದೆ.
"ಇಬ್ಬರನ್ನ ನೋಡಿ ಹೇಳೋಕಾಗಲ್ಲ ಖೈರೂಬಿ,
ಇನ್ನೂ ಇಪ್ಪತ್ತೆರಡು ಜನ ಬರಬೇಕು."
ನನಗೆ ಹೇಳಬೇಕು ಅನಿಸಿತ್ತು:
ಕಾದ ಮರಳ ಮುಂದೆ ಅವಸರದ ಕೈ ಸುಡುತ್ತದೆ,
ಬಣ್ಣ ಒಣಗೋ ಮೊದಲು ಕುಂಚ ಓಡಬೇಕು.
ಅದಕ್ಕೆ ಯಾವ ಸಾಲು ಎಳೀತೀರಿ?
ಹೇಳಲಿಲ್ಲ. ಅವರಿಗೂ ನಿದ್ದೆ ಇರಲಿಲ್ಲ, ಪಾಪ,
ಪೆನ್ನಿನ ಮುಚ್ಚಳ ಪೆನ್ನಿಗೆ ಹಾಕೋಕೆ ಎರಡು ಸಲ ಬೇಕಾಯಿತು.

ಆರನೇ ದಿನ ಎತ್ತಿ ನಿಲ್ಲಿಸಿದರು.
ಕಾಲು ನೆನೆದ ಮಂಡಕ್ಕಿ.
ತೂಕ ಒಂದೇ ಸಲಕ್ಕೆ ಬರಲಿಲ್ಲ,
ಹಳೇ ಸಾಲಗಾರನ ಹಂಗೆ
ಮೊದಲು ಹಿಮ್ಮಡಿ, ಆಮೇಲೆ ಸೊಂಟ,
ಕೊನೆಗೆ ರೆಪ್ಪೆ ಅಂತ ಒಂದೊಂದೇ ಕೋಣೆ ಹೊಕ್ಕಿತು.

ಮನೇಲಿ ಸಾರಿಗೆ ಹಾಕಿದ ಉಪ್ಪು ಒಲೆ ಕಟ್ಟೆ ಮೇಲೆ.
ಭಟ್ಟಿಯಲ್ಲಿ ಮೊದಲ ಒಬ್ಬೆ ಕರಿ,
ಎರಡನೆಯದೂ ಕರಿ.
ಮಾಲೀಕ ಮುಖ ನೋಡಿದ, ಏನೂ ಅನ್ನಲಿಲ್ಲ.
ಮೂರನೆಯದಕ್ಕೆ ಕಣ್ಣು ಮುಚ್ಚಿದೆ,
ಚಟಪಟ ಕೇಳಿ ಬಾಚಿದೆ.
ಬೆಳ್ಳಗೆ ಬಂತು.

ಹದಿನೈದು ದಿನದ ಮೇಲೆ
ಪಿ.ಬಿ. ರಸ್ತೆಯಲ್ಲಿ ಒಂದು ಲಾರಿ, ಹೊಸ ಬಣ್ಣ.
ಹಿಂದೆ "ಹಾರ್ನ್ ಮಾಡಿ" ಅಂತ ದುಂಡಗೆ ಬರೆದಿತ್ತು.
ಎಲ್ಲಾ ಅಕ್ಷರ ಗೆರೆ ಮೇಲೆ ಕೂತಿದ್ದವು,
ಕೊನೇ "ಡಿ" ಒಂದು ಮಾತ್ರ
ಎರಡು ಬೆರಳು ಮೇಲೆ.
ಸಿಗ್ನಲ್ ಬಿಟ್ಟರೂ ನಾನು ದಾಟಲಿಲ್ಲ.