ಕಪ್ಪಿನ ತಳ

ವರ್ಷಕ್ಕೊಮ್ಮೆ ಬರುತ್ತದೆ
ಬೆಳ್ಳಿಯ ಕಪ್ಪು, ಕಪ್ಪಾಗಿ,
ರೈಲ್ವೆ ಟವೆಲು ಸುತ್ತಿಕೊಂಡು
ಘೋಡಕೆ ಸಾಹೇಬರ ಸ್ಕೂಟರಿನಲ್ಲಿ ಅವರ ಕಾಲ ನಡುವೆ ನಿಂತು.

ಸೊಲ್ಲಾಪುರದಲ್ಲಿ ನಮ್ಮದು ಬಾಂಡೆ ಅಂಗಡಿಯ ಕಟ್ಟೆ.
ಮದುವೆಯ ತಾಟು, ಹಂಡೆ, ಡಬ್ಬಿಗಳ ಮೇಲೆ
‘ಸಪ್ರೇಮ ಭೇಟಿ’ ಕೊರೆಯುವುದು ಕಸುಬು.
ಅಕ್ಷರಕ್ಕೆ ಮೂರು ರೂಪಾಯಿ. ಕಾನಾ, ಮಾತ್ರಾ ಪುಕ್ಕಟೆ.

ರಗ್ಬಿಯನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ.
ಚೆಂಡು ದುಂಡಗಿಲ್ಲವಂತೆ, ಎಳೆ ಕುಂಬಳದ ಹಾಗೆ;
ಓಡುವುದು ಮುಂದಕ್ಕೆ,
ಕೈಯಿಂದ ಕೊಡುವುದು ಹಿಂದಿದ್ದವನಿಗೆ.
ನಾಕೌಟ್ ಎಂದರೇನೆಂದು ಕೇಳಿದ್ದಕ್ಕೆ ಅಪ್ಪ,
ಧೂಳಪ್ಪ, ಸೂಜಿಯಿಂದ ಕಣ್ಣೆತ್ತದೆ ಹೇಳಿದ್ದ:
“ಸೋತಾಂವ ಅವತ್ತ ಮನಿಗೆ.
ಅವನ ಹೆಸರ ನಮ್ಮ ಕಡೆ ಬರೂದಿಲ್ಲ.”

ಹೊಟ್ಟೆ ಹಿಡಿದು ತಿರುಗಿಸಿದರೆ ಅದರ ಚರಿತ್ರೆ.
ಮೇಲಿನ ಸುತ್ತು ಗೋರಾ ಪಲ್ಟಣಗಳದು,
ಯಾವುದೋ ದೊಡ್ಡ ಊರಿನ ಕೆತ್ತನೆಗಾರ
ಬಳ್ಳಿ ಹಬ್ಬಿಸಿದಂತೆ ಬರೆದ ಇಂಗ್ಲಿಷು.
ಆಮೇಲೆ ಆರು ವರ್ಷ ಬರಿಯ ಬೆಳ್ಳಿ;
ಆಡುವವರೆಲ್ಲ ಯುದ್ಧಕ್ಕೆ ಹೋಗಿದ್ದರು.
ಕೆಳಗೆ ಬಂದರಿನವರು, ಪೊಲೀಸರು, ಮತ್ತೆ ಬಂದರಿನವರು.
ಒಂದು ವರ್ಷಕ್ಕೆ ಎರಡು ಹೆಸರು: ಕತ್ತಲಾದರೂ ಯಾರೂ ಸೋಲಲಿಲ್ಲವಂತೆ.
ಒಂದು ಕಡೆ ಹೆಬ್ಬೆರಳಿಗೆ ತಗ್ಗು ಸಿಗುತ್ತದೆ.
ಗೆದ್ದವರು ಯಾರದೋ ಹೆಸರಲ್ಲಿ ಯಾರನ್ನೋ ಆಡಿಸಿದ್ದರು.
ತಾನೇ ಕೊರೆದದ್ದನ್ನು ಅಪ್ಪ ಮೂರು ದಿನ ಅರ ಹಾಕಿ ಅಳಿಸಿದ;
ಅಲ್ಲಿ ಬೆಳ್ಳಿ ತೆಳ್ಳಗೆ.

ಆದರೆ ನಾನು ಓದಿದ್ದು ತಳ.

ಹೆಸರು ಕೊರೆಯುವ ಮೊದಲು ಸೂಜಿ ಪರೀಕ್ಷಿಸಲು
ಅಪ್ಪ ಕಪ್ಪನ್ನು ಬೋರಲು ಹಾಕಿ
ಒಂದು ಅಕ್ಷರ ಗೀಚುತ್ತಿದ್ದ.
ಮೊದಲ ಸಲ ಬಂದಾಗ ಅ. ಮರುವರ್ಷ ಆ.
ನನ್ನ ಶಾಲೆ ಮರಾಠಿಯದು. ಕನ್ನಡ
ಬಾಯಲ್ಲಿತ್ತು, ಪಾಟಿಯ ಮೇಲಿರಲಿಲ್ಲ.
ಸ್ವರಗಳಲ್ಲೇ ದೊಡ್ಡವಳಾದೆ:
ಋ ಬಂದಾಗ ಎರಡು ಜಡೆ,
ಅಂ ಅಃ ಹೊತ್ತಿಗೆ ಹತ್ತನೇ ತರಗತಿ ಫೇಲು,
ಕ ಕಲಿಯುವಷ್ಟರಲ್ಲಿ ಅಕ್ಕಲಕೋಟೆಯ ಗಂಡು ನೋಡಿಹೋಗಿದ್ದ.
ಬೇಡವೆಂದೆ. ಅಲ್ಲಿಗೆ ಕಪ್ಪು ಬರುವುದಿಲ್ಲ.
ಬಾಕಿ ಅಕ್ಷರಗಳನ್ನು ಕಲಬುರಗಿ ಬಸ್ಸಿನ ಫಲಕದಿಂದ
ಕದಿಯಬಹುದಿತ್ತು. ಕದಿಯಲಿಲ್ಲ.
ಘೋಡಕೆ ಸಾಹೇಬರು ಇವತ್ತಿಗೂ ಅವನ್ನೆಲ್ಲ
ಮಾಡಿದ ಕಂಪನಿಯ ಗುರುತೆಂದು ತಿಳಿದಿದ್ದಾರೆ.
ತಳದ ಅಕ್ಷರಕ್ಕೆ ಬಿಲ್ಲಿಲ್ಲ.

ಎರಡು ಸಾವಿರದ ಇಪ್ಪತ್ತರಲ್ಲಿ
ಉಜ್ಜಲು ಬಂದ ಕಪ್ಪು ಇಲ್ಲೇ ಸಿಕ್ಕಿಬಿತ್ತು.
ಚಾದರದ ಮಗ್ಗ ನಿಂತಿತ್ತು, ರೈಲು ನಿಂತಿತ್ತು,
ಟಿಫಿನ್ ಡಬ್ಬಿಗಳ ನಡುವೆ ಹನ್ನೊಂದು ತಿಂಗಳು.
ಒಂದು ಮಧ್ಯಾಹ್ನ ಅರ್ಧ ಎಳೆದ ಶಟರಿನ ಒಳಗೆ
ಝರ್ ಎಂಬ ಸದ್ದು.
ಗೆದ್ದವರೇ ಇಲ್ಲ, ಏನು ಕೊರೀತಿ ಎಂದೆ.
“ಸೂಜಿ ನೋಡಿದೆ, ಅಷ್ಟ.”
ತಳದಲ್ಲಿ ಞ.
ಯಾವ ಮಾತೂ ಕರೆಯದ, ಸಾಲಿನಲ್ಲಿ ಮಾತ್ರ ಕೂತಿರುವ ಅಕ್ಷರ;
ಅದನ್ನು ದಾಟದೆ ಟ ಸಿಗುವುದಿಲ್ಲ.

ಟ ನನ್ನ ಕೈಯದು. ಬಲಕ್ಕೆ ವಾಲಿದೆ.
ಮಣಿಕಟ್ಟು ಹಿಡಿದು ತಿದ್ದಲು ಅವನಿರಲಿಲ್ಲ.

ಈ ವರ್ಷ ಗೆದ್ದವರು ಇಪ್ಪತ್ತಮೂರು ಅಕ್ಷರ, ಎರಡು ಚುಕ್ಕೆ.
ಚೀಟಿ ನೋಡಿ ಆಕಾರ ಇಳಿಸುತ್ತೇನೆ.
ಫೈನಲಿನಲ್ಲಿ ಸೋತವರು ಯಾರೆಂದು
ಇಷ್ಟು ವರ್ಷಕ್ಕೆ ಮೊದಲ ಸಲ ಕೇಳಿದೆ.
ಸಾಹೇಬರಿಗೆ ನೆನಪಾಗಲಿಲ್ಲ;
ತಲೆ ಕೆರೆದುಕೊಂಡು ಪಾನಪಟ್ಟಿಗೆ ಹೋದರು.
ಅವರು ಬರುವುದರೊಳಗೆ ಬೋರಲು ಹಾಕಿ
ಕೊರೆದೆ ಣ.
ಅದರಿಂದ ಮೊದಲಾಗುವ ಮಾತು ನನಗೊಂದೂ ಗೊತ್ತಿಲ್ಲ.

ಹೇಮಲತಾ ಎಂದು ಬರೆಯಲು ಹ ಬೇಕು.
ಬಾಯಿಪಾಠ ಹೇಳುತ್ತ ಬೆರಳು ಮಡಚಿದೆ,
ಇನ್ನೂ ಹದಿನೆಂಟು ಕಪ್ಪು.
ಸ್ಕೂಟರಿನ ಸದ್ದು. ಬೆಳ್ಳಿಯ ಪುಡಿ ಊದಿ
ಟವೆಲು ಕೊಡವಿದೆ.